ಹಾಡು ಯಾರದ್ದಾದರೂ ಸದ್ದು ನಂದು

ಟ್ಯಾಪ್ ಡ್ಯಾನ್ಸ್ ಕಲಿಯುವವರ ಮನೆಯಲ್ಲಿ ಜಗಳ ಹತ್ತುವುದು ಬೂಟಿನ ಸದ್ದಿಗೆ ಅಂತ ಜನ ತಿಳಿದಿದ್ದಾರೆ. ಅಟ್ಟೆಗೆ ಬಡಿದ ಲೋಹದ ಬಿಲ್ಲೆಗೆ ಮನೆಯವರು ಹೇಗೋ ಒಗ್ಗಿಹೋಗುತ್ತಾರೆ. ನಿಜವಾದ ಜಗಳ ಶುರುವಾಗುವುದು ಟೀಚರ್ "ಪ್ರದರ್ಶನಕ್ಕೆ ನಿಮ್ಮ ಹಾಡು ನೀವೇ ಆರಿಸಿಕೊಳ್ಳಿ" ಅಂದ ದಿನ.

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಅವತ್ತೇ ಮೂವರು ಸಂಗೀತ ನಿರ್ದೇಶಕರು ಹುಟ್ಟಿಕೊಂಡರು. ನಮ್ಮೆಜಮಾನರು ಹಳೇ ಸಿನಿಮಾ ಹಾಡು ಹಾಕಿದರು. ಸೊಗಸಾದ ಹಾಡೇ. ಆದರೆ ಪಲ್ಲವಿ ಮುಗಿಯಿತೋ ಇಲ್ಲವೋ ಪಿಟೀಲುಗಳ ದಂಡು ನುಗ್ಗುತ್ತದೆ, ಅದರ ಹಿಂದೆ ಕೊಳಲು, ಎಲ್ಲಕ್ಕೂ ಅಡಿಯಲ್ಲಿ ಢೋಲಕ್. ನನ್ನ ಕಾಲಿಗೆ ಸಂದೇ ಇಲ್ಲ! ಟ್ಯಾಪ್‌ನಲ್ಲಿ ಕುಣಿಯುವವಳೇ ತಾಳವಾದ್ಯ. ತುಂಬಿದ ಹಾಡಿಗೆ ಕುಣಿದರೆ ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ ಸಭಿಕರು. ಮಗ ತಂದ ಹಾಡಿನ ಬೇಸ್‌ಗೆ ಕಿಟಕಿ ಗಾಜೇ ಟ್ಯಾಪ್ ಮಾಡಿತು.

ಹಳಬರು ಸ್ವಿಂಗ್ ಜಾಝ್‌ಗೆ ಅಂಟಿಕೊಂಡಿದ್ದು ಸುಮ್ಮನೆ ಅಲ್ಲ. ಎಂಟೆಂಟರಂತೆ 32 ಬಾರ್ (ನಾಲ್ಕೆಣಿಕೆಯ ಒಂದೊಂದು ಸುತ್ತು), ಮೂರನೇ ಎಂಟಕ್ಕೆ ಮಾತ್ರ ಧಾಟಿ ಬದಲು; ಮರೆತರೂ ಎಲ್ಲಿದ್ದೇವೆಂದು ಗೊತ್ತಾಗುತ್ತದೆ. ಜೊತೆಗೆ ಸ್ಟಾಪ್-ಟೈಮ್ ಎಂಬ ವರ ಬೇರೆ: ಬ್ಯಾಂಡು ಒಂದು ಏಟು ಹಾಕಿ ಬಾಯಿ ಮುಚ್ಚುತ್ತದೆ, ಆ ಮೌನವೆಲ್ಲ ಕಾಲಿನದು. ಮರದ ಅಟ್ಟೆಯ ಬೂಟಿನಲ್ಲಿ ಮೆಟ್ಟಿಲು ಹತ್ತಿಳಿದು ಕುಣಿಯುತ್ತಿದ್ದ ಬಿಲ್ ರಾಬಿನ್ಸನ್‌ಗೆ ಆ ಮೌನವೇ ಬಂಡವಾಳ. ಆತ ಹುಟ್ಟಿದ ಮೇ 25 ಅಮೆರಿಕದಲ್ಲಿ 1989ರಿಂದ ಟ್ಯಾಪ್ ಡ್ಯಾನ್ಸ್ ದಿನ. ನಮ್ಮ ಪ್ರದರ್ಶನವೂ ಆ ವಾರವೇ.

ಕೊನೆಗೆ ಬಿಲಿ ಸ್ಟ್ರೇಹಾರ್ನ್ 1939ರಲ್ಲಿ ಬರೆದ, ಡ್ಯೂಕ್ ಎಲಿಂಗ್ಟನ್‌ನ ಜಾಝ್ ತಂಡ ಮೆರೆಸಿದ 'ಟೇಕ್ ದಿ ಎ ಟ್ರೇನ್' ಹಿಡಿದೆ. ವೇಗ ಜಾಸ್ತಿಯಾಯಿತು. ಇವರು ಫೋನಿನಲ್ಲಿ ನಿಧಾನಿಸಿದರು, ಟ್ರಂಪೆಟ್ ಆಕಳಿಸಿತು. ಒಂಚೂರು ಏರಿಸಿ, ತಾವೇ "ತಕಧಿಮಿ ತಕಧಿಮಿ" ಅಂತ ತಾಳ ಹಾಕಲು ಕೂತರು. ಕಾಲು ಒಂದು ಕಡೆ, ತಕಧಿಮಿ ಇನ್ನೊಂದು ಕಡೆ.

ಶಿವಮೊಗ್ಗದಿಂದ ಬಂದಿದ್ದ ನಮ್ಮತ್ತೆ ಅವರೆಕಾಳು ಸುಲಿಯುತ್ತಲೇ ಅಂದರು: "ಅದು ತಿಶ್ರ ಕಣೋ, ಮೂರರ ನಡೆ, ನಾಲ್ಕರದ್ದಲ್ಲ. ತಕಿಟ ಅನ್ನು, 'ತ' ಎಳಿ, 'ಕಿ' ನುಂಗು. ತಾ–ಟ, ತಾ–ಟ." ಸ್ವಿಂಗ್‌ನ ಆ ಉದ್ದ-ಗಿಡ್ಡ ತೂಗಾಟ ಏನೆಂದು ಟೀಚರ್ ತಿಂಗಳುಗಟ್ಟಲೆ ಹೇಳಿದ್ದು ನನ್ನ ಕಾಲಿಗೆ ಆ ಕ್ಷಣ ಇಳಿಯಿತು. ಇವರಿಗೆ ಇಳಿಯಲಿಲ್ಲ, ಬಿಡಿ.

ಪ್ರದರ್ಶನದ ದಿನ ಹಾಡು ಇದ್ದದ್ದು ಇವರ ಫೋನಿನಲ್ಲಿ. ಎರಡನೇ ಎಂಟು ಬಾರ್ ಮುಗಿಯುವಷ್ಟರಲ್ಲಿ ಯಾರೋ ಸಾಲ ಕೊಡುವವರ ಕರೆ ಬಂದು ಎಲಿಂಗ್ಟನ್ ತಂಡ ಗಪ್‌ಚುಪ್. ಇವರು ಗಡಿಬಿಡಿಯಲ್ಲಿ ಫೋನ್ ಒತ್ತುತ್ತಲೇ ಇದ್ದಾರೆ, ನಾನು ಕುಣಿಯುತ್ತಲೇ ಇದ್ದೇನೆ, ಮುಂದಿನ ಸಾಲಿನಲ್ಲಿ ಅತ್ತೆ ತೊಡೆ ತಟ್ಟಿ "ತಾ–ಟ, ತಾ–ಟ". ಹಾಡು ಮತ್ತೆ ಹತ್ತಿಕೊಂಡಾಗ ಸಭೆಯೆಲ್ಲ ಚಪ್ಪಾಳೆ.

ಆಮೇಲೆ ಟೀಚರ್ ಓಡಿಬಂದು, ಅಷ್ಟುದ್ದದ ಸ್ಟಾಪ್-ಟೈಮ್ ಇಡುವ ಧೈರ್ಯ ಯಾರದು ಅಂತ ಕೇಳಿದರು. ಇವರು ಕೈ ಎತ್ತಿದರು.