ಶಿಶುವೂ ಅಲ್ಲ, ಭಿಕ್ಷುವೂ ಅಲ್ಲ

ಅಕ್ಕನ ಮಗ ಹೊಸದುರ್ಗದಿಂದ ಫೋನ್ ಮಾಡಿದ. "ಮಾವ, ಶಿಶಿಕ್ಷು ಅಂದ್ರೆ ಯಾರು?"

ಯಾವುದೋ ಪುರಾಣದ ಋಷಿ ಇರಬೇಕು ಅಂದುಕೊಂಡೆ. ಅಲ್ಲವಂತೆ. ಯಾವುದೋ ನಿಗಮದ ಜಾಹೀರಾತು, "ಶಿಶಿಕ್ಷು ತರಬೇತಿಗೆ ಅರ್ಜಿ ಆಹ್ವಾನಿಸಲಾಗಿದೆ" ಅಂತಿದೆಯಂತೆ. ಅಂದರೆ ನಮ್ಮ ಅಪ್ರೆಂಟಿಸ್. ಆ ಇಂಗ್ಲಿಷ್ ಪದ ಗ್ಯಾರೇಜಿನ ಹುಡುಗರ ಬಾಯಲ್ಲೂ ಸಲೀಸಾಗಿ ಓಡಾಡುತ್ತಿತ್ತು. ಅದು ಎಲ್ಲರಿಗೂ ಅರ್ಥವಾಗುತ್ತಿದೆ ಅನ್ನುವುದು ಯಾರೋ ಅಧಿಕಾರಿಯ ಗಮನಕ್ಕೆ ಬಂದಿರಬೇಕು.

ಆದರೆ ಪದ ಚೆನ್ನಾಗಿದೆ ಕಣ್ರೀ. ಮುಂದಿನಿಂದ ನೋಡಿದರೆ ಶಿಶು, ಹಿಂದಿನಿಂದ ನೋಡಿದರೆ ಭಿಕ್ಷು. ಗಡ್ಡ ಬಂದ, ಡಿಗ್ರಿ ಮುಗಿಸಿದ ಹುಡುಗನನ್ನು ಇಷ್ಟು ಸರಿಯಾಗಿ ಹಿಡಿದ ಇನ್ನೊಂದು ಪದ ನನಗೆ ಗೊತ್ತಿಲ್ಲ. ಕಾನೂನೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಆತ ತರಬೇತಿ ಪಡೆಯುವವನು, ಕೆಲಸಗಾರನಲ್ಲ. ಕೆಲಸಗಾರರ ಪಕ್ಕದಲ್ಲೇ ನಿಲ್ಲುತ್ತಾನೆ, ಅದೇ ಮೆಷಿನ್ ಒರೆಸುತ್ತಾನೆ, ಅದೇ ನೀರು ಸಾಂಬಾರ್ ತಿನ್ನುತ್ತಾನೆ. ಕೆಲಸಗಾರ ಮಾತ್ರ ಅಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಬೇಕೋ ಬೇಡವೋ ಅನ್ನುವುದು ಮಾಲೀಕರ ನೀತಿಗೆ ಬಿಟ್ಟದ್ದು. ಮಾಲೀಕರ ನೀತಿ ಏನಿರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ಹುಡುಗ ಬಿ.ಕಾಂ. ಅರ್ಜಿ ಹಾಕೋಣ ಅಂತ ಕೂತ. ಐಟಿಐ ಹುಡುಗರು ಮುಖ್ಯವಾಗಿ ಹೋಗುವ ಪೋರ್ಟಲ್ ಕೌಶಲ್ಯಾಭಿವೃದ್ಧಿ ಸಚಿವಾಲಯದ್ದು. ಡಿಗ್ರಿ, ಡಿಪ್ಲೊಮಾದವರ ಪೋರ್ಟಲ್ ಶಿಕ್ಷಣ ಸಚಿವಾಲಯದ್ದು. ನಮ್ಮ ರಾಜ್ಯದ ಆ ಪಾಲನ್ನು ನೋಡಿಕೊಳ್ಳುವ ಮಂಡಳಿ ಇರುವುದು ಚೆನ್ನೈನಲ್ಲಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್‌ನ ಪೋರ್ಟಲ್ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ್ದು. ಮೂರು ಸಚಿವಾಲಯ, ಮೂರು ಪಾಸ್‌ವರ್ಡ್, ಒಬ್ಬನೇ ಹುಡುಗ. ಅವನ ಬೆರಳಿಗೆ ಓಟಿಪಿ ಟೈಪ್ ಮಾಡುವುದರಲ್ಲಿ ಬಂದಿರುವ ಪಳಗಿಕೆಗೆ ಒಂದು ಸರ್ಟಿಫಿಕೇಟ್ ಕೊಡಬಹುದಿತ್ತು.

ಮೂರನೇ ಪೋರ್ಟಲ್ ಒಲಿಯಿತು. ಮನೆಯಲ್ಲಿ ಸಂಭ್ರಮ. ದೇಶದ ಟಾಪ್ 500 ಕಂಪನಿಗಳಲ್ಲಿ ಒಂದು, ಬೆಂಗಳೂರು, ಹನ್ನೆರಡು ತಿಂಗಳು! 2024ರ ಬಜೆಟ್‌ನಲ್ಲಿ ಐದು ವರ್ಷದಲ್ಲಿ ಒಂದು ಕೋಟಿ ಯುವಜನರಿಗೆ ಅಂತ ಘೋಷಿಸಿದ ಯೋಜನೆ. ಆರಂಭದ ನಿಯಮ ಕೇಳಿ. ವಯಸ್ಸು 21ರಿಂದ 24. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ದಾಟಬಾರದು. ಐಐಟಿಯಲ್ಲಿ ಓದಿರಬಾರದು. ಸಿಎ, ಎಂಬಿಎ ಆಗಿರಬಾರದು. ಜೀವನದಲ್ಲಿ ಮೊದಲ ಸಲ ಈ ಹುಡುಗನಿಗೆ ಐಐಟಿಗೆ ಹೋಗದೇ ಇದ್ದದ್ದು ಅರ್ಹತೆಯಾಗಿ ಒದಗಿತು. ಅಕ್ಕ ಮನೆದೇವರಿಗೆ ಕಾಯಿ ಒಡೆಸಿದಳು.

"ಸಂಬಳ ಎಷ್ಟೋ?" ಅಂದೆ.

"ಐದು ಸಾವಿರ ಮಾವ. ಸರ್ಕಾರ 4,500, ಕಂಪನಿ 500."

ಲೈನ್ ಸರಿಯಿಲ್ಲವೇನೋ ಅಂತ ಇನ್ನೊಮ್ಮೆ ಕೇಳಿದೆ. ಐನೂರೇ. ಐನೂರು ಕಂಪನಿ, ತಲೆಗೆ ಐನೂರು ರೂಪಾಯಿ. ಪ್ರಾಸ ಚೆನ್ನಾಗಿ ಕೂತಿದೆ. ಅದೂ ಕಂಪನಿಯ ಗಲ್ಲಾದಿಂದ ಬರುವುದಿಲ್ಲ, ಸಿಎಸ್‌ಆರ್ ಅನ್ನುವ ಸಮಾಜಸೇವೆಯ ನಿಧಿಯಿಂದ ಬರುತ್ತದೆ. ಶಾಲೆಗೆ ಶೌಚಾಲಯ, ಬಡವರಿಗೆ ಕಣ್ಣಿನ ಶಿಬಿರ, ಕೆರೆ ಹೂಳು, ನಮ್ಮ ಹುಡುಗ, ಎಲ್ಲ ಒಂದೇ ಖಾತೆ. ಟಾಪ್ 500 ಅಂತ ಆರಿಸಿದ್ದು ಕೂಡ ಮೂರು ವರ್ಷದ ಸಿಎಸ್‌ಆರ್ ಖರ್ಚಿನ ಸರಾಸರಿ ನೋಡಿಯೇ. ಅಂದರೆ ಇವರು ದೇಶದ ಮಹಾದಾನಿಗಳು. ಕರ್ಣ ಕವಚ ಕಿತ್ತು ಕೊಟ್ಟ. ಇವರು ಆಗ ಐನೂರರ ನೋಟು ಕಿತ್ತು ಕೊಡುತ್ತಿದ್ದರು, ಅದೂ ಹಾಜರಾತಿ, ನಡತೆ ಎರಡನ್ನೂ ನೋಡಿ. ಅವರು ಕೊಟ್ಟ ಮೇಲೆ ಸರ್ಕಾರದ 4,500.

ವಿಮೆಯೂ ಇದೆ. ಪ್ರೀಮಿಯಂ ಸರ್ಕಾರದ್ದೇ. ವರ್ಷಪೂರ್ತಿ ಬದುಕಿದ್ದು ಕೆಲಸ ಕಲಿತರೆ ಸೇರುವಾಗಿನ 6,000ವೂ ಕೂಡಿ 66 ಸಾವಿರ. ಸತ್ತರೆ ಜೀವನ ಜ್ಯೋತಿಯಿಂದ 2 ಲಕ್ಷ. ಈ ಲೆಕ್ಕ ನಾನು ಅಕ್ಕನಿಗೆ ಹೇಳಲಿಲ್ಲ.

ಬೇರೆ ಲೆಕ್ಕ ಅವಳೇ ಹಾಕಿದಳು. ಅವಳು ಓದಿದ್ದು ಏಳನೇ ಕ್ಲಾಸು, ಆದರೆ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವಳು. ಐದು ಸಾವಿರವನ್ನು ಇಪ್ಪತ್ತಾರು ದಿನಕ್ಕೆ ಹಂಚಿದರೆ ದಿನಕ್ಕೆ 192 ರೂಪಾಯಿ. ಊರಲ್ಲೇ ನರೇಗಾದಲ್ಲಿ ಮಣ್ಣು ಹೊತ್ತರೆ ಆ ವರ್ಷ 349 ಇತ್ತು. "ಅಲ್ಲಾ ಕಣೋ, ಡಿಗ್ರಿ ಓದಿಸಿದ್ದಕ್ಕೆ ದಿನಕ್ಕೆ ನೂರೈವತ್ತು ದಂಡವಾ?" ಅಂದಳು. ಬೆಂಗಳೂರಿನಲ್ಲಿ ನಾಲ್ಕು ಪಿಜಿಗೆ ಫೋನ್ ಮಾಡಿದೆ. ಮೂರು ಮಂಚದ ರೂಮು, ಊಟ ಸೇರಿ ಎಂಟು ಸಾವಿರ. ಮೂರು ಸಾವಿರ ಅಪ್ಪ ಕಳಿಸಬೇಕು, ಬಸ್‌ಚಾರ್ಜ್ ಬೇರೆ. ನೋಡಿದರೆ ನಿಜವಾದ ಸಿಎಸ್‌ಆರ್ ಮಾಡುತ್ತಿದ್ದವರು ನಮ್ಮ ಭಾವ. ಅವರನ್ನು ಯಾರೂ ಟಾಪ್ 500ಕ್ಕೆ ಸೇರಿಸಲಿಲ್ಲ.

ಹುಡುಗ ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತಿದ್ದ, ಹೋಗಲಿಲ್ಲ. ಅವನೊಬ್ಬನೇ ಅಲ್ಲ ಬಿಡಿ. ಮೊದಲ ಸುತ್ತಿನಲ್ಲಿ ಕಂಪನಿಗಳು 82 ಸಾವಿರ ಆಹ್ವಾನ ಕಳಿಸಿದವು. ಒಪ್ಪಿದವರು 28 ಸಾವಿರ ಚಿಲ್ಲರೆ. ಕೊನೆಗೆ ಹೋಗಿ ಸೇರಿದವರು 8,700 ಚಿಲ್ಲರೆ. ಮದುವೆಗೆ ಇಷ್ಟು ಜನ ಕೈಕೊಟ್ಟಿದ್ದರೆ ಅಡುಗೆಯವರು ಎದ್ದು ಹೋಗುತ್ತಿದ್ದರು. ಯೋಜನೆಗಳು ಹಾಗೆ ಎದ್ದು ಹೋಗುವುದಿಲ್ಲ, ಮುಂದಿನ ಸುತ್ತಿಗೆ ಹೋಗುತ್ತವೆ.

ಹಾಗಾದರೆ ಮನೆಯಲ್ಲೇ ಇರಲಿ ಅಂತ ಅಂದರೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ, ಯುವನಿಧಿ ಇದೆಯಲ್ಲ. ಡಿಗ್ರಿಯವರಿಗೆ ತಿಂಗಳಿಗೆ 3,000, ಎರಡು ವರ್ಷ. ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು. ಕೆಲಸಕ್ಕೆ ಅನುಭವ ಕೇಳುವುದು ಗೊತ್ತಿತ್ತು. ಕೆಲಸ ಇಲ್ಲದಿರುವುದಕ್ಕೂ ಆರು ತಿಂಗಳ ಅನುಭವ ಬೇಕು! ಅಪ್ರೆಂಟಿಸ್ ಭತ್ಯೆ ಬರುತ್ತಿದ್ದರೆ ಯುವನಿಧಿ ಇಲ್ಲ. ಅಲ್ಲಿ ಅವನು ಕೆಲಸಗಾರನಲ್ಲ, ಇಲ್ಲಿ ನಿರುದ್ಯೋಗಿಯೂ ಅಲ್ಲ. ಹೊಸ್ತಿಲ ಮೇಲೆ ಕೂತ ನರಸಿಂಹನ ಸ್ಥಿತಿ, ಉಗುರು ಮಾತ್ರ ಇಲ್ಲ.

ಕೊನೆಗೆ ಎರಡನೇ ಪೋರ್ಟಲ್ ಕಣ್ಣು ಬಿಟ್ಟಿತು. ಪದವೀಧರ ಶಿಶಿಕ್ಷು, ಬೆಂಗಳೂರು, ತಿಂಗಳಿಗೆ 9,000. 2019ರ ನಿಯಮದಲ್ಲಿ ಪದವೀಧರರಿಗೆ ಇದಕ್ಕಿಂತ ಕಡಿಮೆ ಕೊಡುವ ಹಾಗಿರಲಿಲ್ಲ. ಅದಕ್ಕೇ ಇದಕ್ಕಿಂತ ಜಾಸ್ತಿಯನ್ನೂ ಕೊಟ್ಟಿಲ್ಲ. ಪಿಜಿಗೆ ಎಂಟು ಸಾವಿರ ಕಟ್ಟಿ ಉಳಿದ ಸಾವಿರದಲ್ಲಿ ಹುಡುಗ ರಾಜನ ಹಾಗೆ ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡು ಓಡಾಡುತ್ತಿದ್ದಾನೆ.

ಹೋದ ವಾರ ಊರಲ್ಲಿ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ದೂರದ ಸಂಬಂಧದ ಅಜ್ಜಿಯೊಬ್ಬರು ಅಕ್ಕನನ್ನು ಕೇಳಿದರು. "ಮಗ ಏನ್ ಮಾಡ್ತಿದ್ದಾನವ್ವಾ?"

ಕೆಲಸದಲ್ಲಿದ್ದಾನೆ ಅಂದರೆ ಕಾನೂನಿನ ಪ್ರಕಾರ ಸುಳ್ಳಾಗುತ್ತದೆ. ಇಲ್ಲ ಅಂದರೆ ಮರ್ಯಾದೆ ಹೋಗುತ್ತದೆ. ಅಕ್ಕ ಕತ್ತು ನೆಟ್ಟಗೆ ಮಾಡಿಕೊಂಡು, "ಬೆಂಗಳೂರಲ್ಲಿ ಶಿಶಿಕ್ಷು ಆಗಿದ್ದಾನೆ ಅಜ್ಜಿ" ಅಂದಳು.

ಅಜ್ಜಿಯ ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು. "ಅಯ್ಯೋ ಶಿವನೇ! ಇನ್ನೂ ಮೀಸೆ ಚಿಗುರೋ ವಯಸ್ಸು. ಯಾವ ಮಠ ಸೇರಿಕೊಂಡ್ನೇ?"