ಸಾವಿತ್ರಿಯ ತೆಲುಗು, ನಮ್ಮ ನಿರೂಪಕರ ಕನ್ನಡ

ಹೈದರಾಬಾದಿನಲ್ಲಿ ನೆಲೆಸಿರುವ ದಾವಣಗೆರೆಯವನಾದ ನನಗೆ ರಾತ್ರಿ ಊಟದ ಹೊತ್ತಿಗೆ ತೆಲುಗು ವಾರ್ತೆಯನ್ನೂ ಕನ್ನಡ ವಾರ್ತೆಯನ್ನೂ ಒಂದರ ಹಿಂದೊಂದು ನೋಡುವ ರೂಢಿ. ಕೂಗಾಟದಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ವ್ಯತ್ಯಾಸ ಕಾಣುವುದು ನಿರೂಪಕರು ಯಾವ ಸೀಮೆಯ ಮಾತನಾಡುತ್ತಾರೆ ಎಂಬಲ್ಲಿ.

ತೆಲುಗಿನ ವಿ6 ವಾಹಿನಿಯ ‘ತೀನ್‌ಮಾರ್’ ಎಂಬ ವ್ಯಂಗ್ಯದ ವಾರ್ತೆಯಲ್ಲಿ ಸಾವಿತ್ರಿ ಎಂಬ ಹೆಸರಿನಿಂದ ಕಾಣಿಸಿಕೊಂಡ ಶಿವಜ್ಯೋತಿಯವರನ್ನು ಇಲ್ಲಿ ಅರಿಯದವರು ಕಡಿಮೆ. ತೆಲಂಗಾಣದ ಹಳ್ಳಿಯ ಮನೆಯೊಳಗಿನ ತೆಲುಗಿನಲ್ಲೇ ಅವರು ಸುದ್ದಿ ಹೇಳಿದರು; ಜೊತೆಗಾರ ಬಿತ್ತಿರಿ ಸತ್ತಿಯ ಪೆದ್ದುತನವನ್ನು ಗದರಿಸುತ್ತ, ಮಂತ್ರಿಗಳ ಹೇಳಿಕೆಯನ್ನು ಕಟ್ಟೆಯ ಮೇಲಿನ ಮಾತಿನಂತೆ ಬಿಡಿಸಿಟ್ಟರು. 2019ರಲ್ಲಿ ತೆಲುಗು ಬಿಗ್ ಬಾಸ್‌ನ ಮೂರನೆಯ ಆವೃತ್ತಿಗೆ ಹೋದಾಗಲೂ ಆ ಮಾತನ್ನು ಅವರು ಬಿಡಲಿಲ್ಲ. ಇದರ ಹಿಂದೆ ದೊಡ್ಡದೊಂದು ನೋವಿನ ಚರಿತ್ರೆಯಿದೆ. 1956ರಲ್ಲಿ ಆಂಧ್ರಪ್ರದೇಶ ರೂಪುಗೊಂಡ ಮೇಲೆ ಕೃಷ್ಣಾ, ಗುಂಟೂರು ಕಡೆಯ ತೆಲುಗೇ ಪಠ್ಯಕ್ಕೂ ಪತ್ರಿಕೆಗೂ ಮಾದರಿಯಾಯಿತು. ಸಿನಿಮಾದಲ್ಲಿ ತೆಲಂಗಾಣದ ಮಾತು ರೌಡಿಗಳ ಮತ್ತು ಹಾಸ್ಯಗಾರರ ಪಾಲಿಗೆ ಬಂತು. 2014ರಲ್ಲಿ ಪ್ರತ್ಯೇಕ ರಾಜ್ಯ ತಂದುಕೊಟ್ಟ ಚಳವಳಿಯಲ್ಲಿ ಈ ಅವಮಾನವೂ ಒಂದು ಕಿಡಿಯಾಗಿತ್ತು.

ಕನ್ನಡದಲ್ಲಿ ಅಂಥ ಕಿಡಿ ಹೊತ್ತಲಿಲ್ಲ, ಹೊತ್ತಬೇಕೆಂದು ನಾನು ಬಯಸುವವನೂ ಅಲ್ಲ. ಆದರೆ ಧಾರವಾಡದ ಮಾತಿಗಾಗಲಿ ಮಂಗಳೂರಿನ ಮಾತಿಗಾಗಲಿ ನಗೆ ಕಾರ್ಯಕ್ರಮದಲ್ಲಾದರೂ ಒಂದು ಜಾಗವಿದೆ. ದಾವಣಗೆರೆ, ಚಿತ್ರದುರ್ಗದ ಮಾತಿಗೆ ಅದೂ ಇಲ್ಲ. ಉತ್ತರದವರ ‘ರೀ’ಯನ್ನೂ ‘ಐತಿ’ಯ ಬದಲಿಗೆ ‘ಐತೆ’ಯನ್ನೂ ಒಟ್ಟಿಗೆ ಇಟ್ಟುಕೊಂಡ ನಮ್ಮ ಮಾತನ್ನು ಬೆಂಗಳೂರಿನವರು ಹುಬ್ಬಳ್ಳಿಯದೆನ್ನುತ್ತಾರೆ, ಹುಬ್ಬಳ್ಳಿಯವರು ಬೆಂಗಳೂರಿನದೆನ್ನುತ್ತಾರೆ. ಹೀಗಾಗಿ ನಮ್ಮ ಕಡೆಯಿಂದ ಸ್ಟುಡಿಯೋ ಸೇರಿದ ಹುಡುಗರು ತಮ್ಮ ಧಾಟಿಯನ್ನು ಎಷ್ಟು ಸಲೀಸಾಗಿ ಕಳಚಿಡುತ್ತಾರೆಂದರೆ, ಅವರು ಎಲ್ಲಿಯವರೆಂದು ಊರಿನವರಿಗೂ ತಿಳಿಯುವುದಿಲ್ಲ.

ದಾವಣಗೆರೆಯ ಎಪಿಎಂಸಿ ಅಂಗಳದಿಂದ ಬರುವ ಮೆಕ್ಕೆಜೋಳದ ವರದಿಯನ್ನೇ ಗಮನಿಸಿ. ವರದಿಗಾರ ಮೈಕನ್ನು ರೈತನ ಮುಂದೆ ಹಿಡಿದು, ‘ಏನಾತು ಹೇಳ್ರಿ, ರೇಟ್ ಎಷ್ಟೈತೆ?’ ಎಂದು ಸಹಜವಾಗಿ ಕೇಳುತ್ತಾನೆ. ರೈತ, ‘ಗಾಡಿ ಬಾಡಿಗೀಗೂ ಆಗಲ್ಲ ಬಿಡ್ರಿ’ ಎನ್ನುತ್ತಾನೆ. ಕ್ಯಾಮೆರಾದತ್ತ ತಿರುಗಿದ ಮರುಕ್ಷಣವೇ ಅದೇ ವರದಿಗಾರ, ‘ಅನ್ನದಾತ ಸಂಕಷ್ಟಕ್ಕೆ ಸಿಲುಕಿರುವುದನ್ನು ನಾವಿಲ್ಲಿ ಕಾಣಬಹುದಾಗಿದೆ’ ಎಂದು ಶುರುಮಾಡುತ್ತಾನೆ. ರೈತನ ನಾಲ್ಕು ಪದಗಳಲ್ಲಿದ್ದ ಲೆಕ್ಕಾಚಾರ ಈ ಉದ್ದನೆಯ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. (ಈ ‘ಕಾಣಬಹುದಾಗಿದೆ’ಯನ್ನು ಯಾರು ಕಲಿಸಿಕೊಟ್ಟರೋ, ಯಾವ ಸೀಮೆಯವರೂ ಹಾಗೆ ಮಾತನಾಡಿದ್ದನ್ನು ನಾನು ಕೇಳಿಲ್ಲ.)

ಹಾಗೆಂದು ಎಲ್ಲವನ್ನೂ ಸಡಿಲ ಬಿಡಬೇಕೆಂಬುದು ನನ್ನ ವಾದವಲ್ಲ. ನಮ್ಮ ಹಳ್ಳಿಗಳಲ್ಲಿ ಹಕಾರ ಬಿಟ್ಟುಹೋಗುವುದು ಸಾಮಾನ್ಯ. ಆದರೂ ವಾರ್ತೆಯಲ್ಲಿ ಹರಿಹರವನ್ನು ‘ಅರಿಯರ’ ಎಂದು ಓದುವುದನ್ನು ನಾನು ಒಪ್ಪಲಾರೆ, ಏಕೆಂದರೆ ಊರಿನ, ಮನುಷ್ಯರ ಹೆಸರು ಕೇಳುವವರಿಗೆ ಸ್ಪಷ್ಟವಾಗಿ ತಲುಪಬೇಕು. ಉಚ್ಚಾರದ ಶಿಸ್ತು ಬೇರೆ, ಮಾತಿನ ಧಾಟಿ ಬೇರೆ. ನಮ್ಮ ವಾಹಿನಿಗಳು ಎರಡನ್ನೂ ಒಂದೇ ಎಂದುಕೊಂಡು, ಮೊದಲನೆಯದರಲ್ಲಿ ಉದಾಸೀನ ತೋರಿ ಎರಡನೆಯದನ್ನು ಮಾತ್ರ ಅಳಿಸಿಹಾಕಿವೆ.

ತೆಲಂಗಾಣದ ಪ್ರಯೋಗವನ್ನೂ ನಾನು ಪೂರ್ತಿಯಾಗಿ ಮೆಚ್ಚುವುದಿಲ್ಲ. ಸಾವಿತ್ರಿಯ ಮಾತಿಗೆ ಸಿಕ್ಕಿದ್ದು ವ್ಯಂಗ್ಯದ ಕಾರ್ಯಕ್ರಮ. ಗಂಭೀರ ಸುದ್ದಿಗೆ ಇಂದಿಗೂ ಬಹುಮಟ್ಟಿಗೆ ಶಿಷ್ಟ ತೆಲುಗೇ ಬೇಕು. ನಗಿಸಿದರಷ್ಟೇ ಒಳಗೆ ಬಿಡುವ ಆ ಷರತ್ತು ನಮಗೆ ಬೇಡ. ಜಿಲ್ಲಾ ಸುದ್ದಿಯಿಂದ ಆರಂಭಿಸಬಹುದು: ಭದ್ರಾ ನಾಲೆಗೆ ನೀರು ಬಿಡುವ ದಿನ, ಅಡಿಕೆಯ ಧಾರಣೆ, ಚಳ್ಳಕೆರೆಯ ಶೇಂಗಾ ಬೆಳೆಯ ಸ್ಥಿತಿ ಇವನ್ನು ಅಲ್ಲಿಯವರೇ, ಪಂಚೆ ಪೇಟದ ವೇಷ ಹಾಕದೆ, ಮಾಮೂಲಿ ಅಂಗಿಯಲ್ಲಿ ಕುಳಿತು, ತಮ್ಮ ಧಾಟಿಯಲ್ಲೇ ಓದಲಿ.