ಮಾಮೂಲು ಗೊತ್ತಿರುವ ಒಬ್ಬರು ಬೇಕು

ಮನೆಯೊಳಗೇ ಉಳಿದುಹೋದ ವಿಕಲಚೇತನರ ಜೊತೆ ಒಡನಾಡಲು ಹೋಗುವ ಸ್ವಯಂಸೇವಕರಿಗೆ ಒಂದು ದಿನ ‘ಪ್ರೀತಿಯಿಂದ ಮಾತಾಡಿ’ ಅಂತ ಹೇಳಿಕೊಡುತ್ತಾರೆ, ಇನ್ನೊಂದು ದಿನ ಆರೋಗ್ಯದ ಕರಪತ್ರಗಳ ಕಟ್ಟು ಕೊಟ್ಟು ಹಂಚಿ ಬನ್ನಿ ಅನ್ನುತ್ತಾರೆ. ಒಡನಾಟವನ್ನೂ ಮಾಹಿತಿಯನ್ನೂ ಹೀಗೆ ಬೇರೆ ಬೇರೆ ಮಾಡಿದ್ದರಿಂದಲೇ ಎರಡೂ ಸೊರಗುತ್ತಿವೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 130 ಕೋಟಿ ಜನರಿಗೆ ಗಣನೀಯ ವೈಕಲ್ಯವಿದೆ. ಅವರಲ್ಲಿ ಕೆಲವರು ಉಳಿದವರಿಗಿಂತ 20 ವರ್ಷದಷ್ಟು ಮುಂಚೆ ಸಾಯುತ್ತಾರೆ. ಅದೇ ಸಂಸ್ಥೆಯ 2025ರ ವರದಿ ಒಂಟಿತನಕ್ಕೆ ತಳುಕು ಹಾಕಿದ ಸಾವುಗಳು ವರ್ಷಕ್ಕೆ ಸುಮಾರು 8,71,000. ವಿಕಲಚೇತನರ ಅಕಾಲ ಸಾವುಗಳನ್ನೆಲ್ಲ ವೈಕಲ್ಯದ ತಲೆಗೆ ಕಟ್ಟುವಂತಿಲ್ಲ. ಸಣ್ಣ ತೊಂದರೆ ಶುರುವಾದಾಗ ಅದನ್ನು ಕಂಡು, ‘ಇದು ನಿಮಗೆ ಮಾಮೂಲಲ್ಲ’ ಎಂದು ಹೇಳುವವರು ಇಲ್ಲದಿರುವುದಕ್ಕೂ ಇದರಲ್ಲಿ ಪಾಲಿದೆ.

ಒಂದು ಉದಾಹರಣೆ ನೋಡಿ. ಬೆನ್ನುಹುರಿಗೆ ಎದೆಭಾಗದ 6ನೇ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರ ಬಿಪಿಯ ಮೇಲಿನ ಅಂಕಿ ಎಷ್ಟೋ ಸಲ 90ರಿಂದ 110ರ ಒಳಗೇ ಇರುತ್ತದೆ. ಮೂತ್ರಕೋಶ ತುಂಬಿಕೊಂಡರೆ, ಮಲ ಕಟ್ಟಿಕೊಂಡರೆ, ಬಟ್ಟೆ ಅಥವಾ ಬೆಲ್ಟ್ ಬಿಗಿಯಾದರೆ ಅದು ಇದ್ದಕ್ಕಿದ್ದಂತೆ 20ರಿಂದ 40ರಷ್ಟು ಏರಬಹುದು. ತಲೆ ಸಿಡಿಯುವಂಥ ನೋವು, ಪೆಟ್ಟಾದ ಜಾಗದಿಂದ ಮೇಲಕ್ಕೆ ಬೆವರು, ಕೆಂಪೇರಿದ ಮುಖ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ಆಸ್ಪತ್ರೆಗೆ ಹೋದಾಗ ಯಂತ್ರ 135 ತೋರಿಸಿದರೆ, ಅವರ ಮಾಮೂಲು ಗೊತ್ತಿಲ್ಲದವರು ‘ಬಿಪಿ ಪರವಾಗಿಲ್ಲ’ ಎಂದು ಕೂರಿಸಿಬಿಡುತ್ತಾರೆ. ಅವರ ಪಾಲಿಗೆ ಅದು ಮೆದುಳಿನ ರಕ್ತಸ್ರಾವದವರೆಗೂ ಹೋಗಬಲ್ಲ ತುರ್ತು. ಆಗ ಮಲಗಿಸಬಾರದು. ನೇರವಾಗಿ ಕೂರಿಸಿ ಕಾಲು ಇಳಿಬಿಡಬೇಕು, ಬಿಗಿಯಾದದ್ದನ್ನೆಲ್ಲ ಸಡಿಲಿಸಬೇಕು, ಮೂತ್ರ ಹರಿಸುವ ಕ್ಯಾಥೆಟರ್ ಕೊಳವೆ ಮಡಚಿದೆಯೇ, ಚೀಲ ತುಂಬಿದೆಯೇ ನೋಡಬೇಕು. ಕಾರಣ ತಕ್ಷಣ ಸಿಗದಿದ್ದರೆ ಆಂಬುಲೆನ್ಸ್ ಕರೆಯಬೇಕು. ಹೆಚ್ಚಿನವರಿಗೆ ತಮ್ಮ ಮೈ ಹೇಗೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಸ್ವಯಂಸೇವಕರು ಅವರು ಹೇಳಿದಂತೆ ಕೈ ಆಡಿಸಿದರೆ ಸಾಕು.

ಒಂದೇ ಕಡೆ ಒತ್ತಡ ಬಿದ್ದು ಆಗುವ ಹುಣ್ಣು, ಅಂದರೆ ಬೆಡ್‌ಸೋರ್ ವಿಷಯದಲ್ಲೂ ಹೀಗೇ. ಒತ್ತಿದಾಗ ಬಿಳಿಚಿಕೊಳ್ಳದ ಕೆಂಪು ಕಲೆ ಮೊದಲ ಸೂಚನೆ ಅಂತ ಪುಸ್ತಕ ಹೇಳುತ್ತದೆ. ಕಪ್ಪು ಚರ್ಮದ ಮೇಲೆ ಆ ಕೆಂಪು ಕಾಣದೇ ಇರಬಹುದು. ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿಯೇ, ಗಟ್ಟಿಯೇ, ಬಣ್ಣ ಬೇರೆಯಾಗಿದೆಯೇ ಎಂದು ನೋಡಬೇಕು. ಆ ಭಾಗದಲ್ಲಿ ಸ್ಪರ್ಶ ಇಲ್ಲದವರಿಗೆ ನೋವು ಎಚ್ಚರಿಸುವುದಿಲ್ಲ. ಮೇಲೆ ಹುಣ್ಣು ಕಾಣುವ ಹೊತ್ತಿಗೆ ಒಳಗೆ ಮೂಳೆಯ ಹತ್ತಿರ ಹಾನಿಯಾಗಿರಬಹುದು. ವೀಲ್‌ಚೇರ್‌ನಲ್ಲಿ ಕೂತವರು 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಬೇಕು. ಒಡನಾಟಕ್ಕೆ ಹೋದವರು ಚರ್ಮ ಪರೀಕ್ಷೆಗೆ ಇಳಿಯಬಾರದು, ಅದು ಅವರ ಕೆಲಸವಲ್ಲ. ಆದರೆ ‘ಹೊಸ ಕುಶನ್ ಹೇಗಿದೆ? ಒಂದು ಕಡೆಗೇ ವಾಲಿ ಕೂತ ಹಾಗಿದೆಯಲ್ಲ’ ಎಂದು ಕೇಳಬಹುದು. ಇಂಥ ಪ್ರಶ್ನೆ ಕೇಳಬೇಕಾದರೆ ಹೋದ ವಾರ ಅವರು ಹೇಗೆ ಕೂತಿದ್ದರು ಅಂತ ನೆನಪಿರಬೇಕು, ಅಷ್ಟೇ.

ಬುದ್ಧಿಬೆಳವಣಿಗೆಯ ತೊಂದರೆ ಇರುವವರ ಪಾಡು ಇನ್ನೂ ಕಷ್ಟ. ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು ಬಂದಾಗ ಬಾಯಲ್ಲಿ ಹೇಳಲಾಗದೆ ಸಿಟ್ಟು, ಊಟ ಬಿಡುವುದು, ತಲೆ ಬಡಿದುಕೊಳ್ಳುವುದು ಶುರುವಾಗಬಹುದು. ‘ಅವರು ಇರುವುದೇ ಹಾಗೆ’ ಎಂದು ವೈದ್ಯರೂ ಎಷ್ಟೋ ಸಲ ಕೈಬಿಡುತ್ತಾರೆ. ‘ಇಲ್ಲ, ಹೋದ ತಿಂಗಳು ಹೀಗಿರಲಿಲ್ಲ’ ಎಂದು ದಿನಾಂಕ ಸಮೇತ ಹೇಳಬಲ್ಲ ಒಬ್ಬರಿದ್ದರೆ ಪರೀಕ್ಷೆ ನಡೆಯುತ್ತದೆ.

ಅದಕ್ಕೇ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ನಿಯಮಿತ ಭೇಟಿ. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಒಂದು ಗಂಟೆಯೊಳಗೆ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಬೇಕು. ಬಾಗಿಲು ತೆರೆಯದಿದ್ದರೆ, ಫೋನ್ ಎತ್ತದಿದ್ದರೆ ಏನು ಮಾಡಬೇಕು ಅನ್ನುವುದನ್ನು ಮೊದಲ ಭೇಟಿಯಲ್ಲೇ ಅವರೊಂದಿಗೆ ಕೂತು ಬರೆದಿಡಬೇಕು: ಎಷ್ಟು ಹೊತ್ತು ಬಿಟ್ಟು ಮತ್ತೆ ಕರೆ ಮಾಡುವುದು, ಕೀಲಿ ಯಾರ ಹತ್ತಿರ ಇದೆ, ಆಮೇಲೆ ಯಾರಿಗೆ ಹೇಳುವುದು. ಬಿದ್ದು ಏಳಲಾಗದೆ ನೆಲದ ಮೇಲೆ ಗಂಟೆಗಟ್ಟಲೆ ಕಳೆದರೆ ಸ್ನಾಯುಗಳಿಗೂ ಮೂತ್ರಪಿಂಡಕ್ಕೂ ಪೆಟ್ಟು. ಆಗ ಯೋಚಿಸುತ್ತ ನಿಲ್ಲಲು ಸಮಯವಿರುವುದಿಲ್ಲ.

ಮಾಹಿತಿ ಹೇಳುವ ರೀತಿಯ ಬಗ್ಗೆಯೂ ನನಗೆ ತಕರಾರಿದೆ. ‘ಈ ಮಾತ್ರೆಯಿಂದ ಅಪಾಯ ಎರಡು ಪಟ್ಟು’ ಅಂದರೆ ಎದೆ ಧಸಕ್ಕೆನ್ನುತ್ತದೆ. ‘1,000 ಜನರಲ್ಲಿ ಒಬ್ಬರಿಗೆ ಆಗುತ್ತಿತ್ತು, ಈಗ ಇಬ್ಬರಿಗೆ’ ಅಂದರೆ ಯೋಚಿಸಲು ಜಾಗ ಸಿಗುತ್ತದೆ. ಹೆದರಿಸಿದರೆ ಕೆಲವರು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಅಪಸ್ಮಾರದ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುವ ಅಪಾಯವಿದೆ. ಒಂದು ಭೇಟಿಗೆ ಒಂದೇ ವಿಷಯ ಸಾಕು. ಹೇಳಿಯಾದ ಮೇಲೆ ‘ಅರ್ಥವಾಯಿತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ನಾನು ಸರಿಯಾಗಿ ಹೇಳಿದೆನಾ ಗೊತ್ತಿಲ್ಲ, ನೀವು ಒಮ್ಮೆ ನಿಮ್ಮ ಮಾತಲ್ಲಿ ಹೇಳ್ತೀರಾ?’ ಎಂದು ಕೇಳಬೇಕು. ಮಾತು ಸ್ಪಷ್ಟವಿಲ್ಲದವರ ವಾಕ್ಯವನ್ನು ನಾವೇ ಮುಗಿಸಬಾರದು. ಅರ್ಥವಾದಷ್ಟನ್ನು ಹೇಳಿ, ಉಳಿದದ್ದನ್ನು ಮತ್ತೆ ಕೇಳಬೇಕು. ಆರೈಕೆ ಮಾಡುವವರ ಮುಖ ನೋಡಿ ಉತ್ತರ ಪಡೆಯುವ ಚಾಳಿ ದಯವಿಟ್ಟು ಬೇಡ.

ಆ ಚಾಳಿ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. ವೀಲ್‌ಚೇರ್ ಅಥವಾ ಫೋನ್ ಕೈಗೆಟುಕದಂತೆ ಇಟ್ಟಿರುವುದು, ಔಷಧಿ ತಡೆಹಿಡಿಯುವುದು, ಒಬ್ಬರೇ ಮಾತಾಡಲು ಬಿಡದಿರುವುದು, ಇವೆಲ್ಲ ಹಿಂಸೆಯ ಗುರುತುಗಳಾಗಿರಬಹುದು. ಅಲ್ಲೇ ಜಗಳಕ್ಕೆ ನಿಂತರೆ ನೀವು ಹೋದಮೇಲೆ ಏಟು ಅವರಿಗೇ ಬೀಳುತ್ತದೆ. ನಿಮ್ಮನ್ನು ಕಳಿಸಿದ ಸಂಸ್ಥೆಯ ಸಂಯೋಜಕರಿಗೆ ಅಂದೇ ತಿಳಿಸಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನಂತೂ ಯಾವತ್ತೂ ಕೊಡಬೇಡಿ. ಹಣ ಮುಟ್ಟುವುದು, ಮಾತ್ರೆ ಎಣಿಸಿ ಕೊಡುವುದು, ಎತ್ತಿ ಮಲಗಿಸುವುದು ನಿಮ್ಮ ಕೆಲಸವಲ್ಲ ಅನ್ನುವುದೂ ಮೊದಲೇ ಇಬ್ಬರಿಗೂ ಗೊತ್ತಿರಲಿ.

ಒಂದು ಹಾಳೆ ಮಾತ್ರ ಪ್ರತಿ ಮನೆಯಲ್ಲೂ ಇರಲೇಬೇಕು: ಅವರ ಮಾಮೂಲು ಬಿಪಿ, ನೋವಾದಾಗ ಹೇಗೆ ತೋರಿಸುತ್ತಾರೆ, ಹೌದು-ಅಲ್ಲ ಹೇಗೆ ಹೇಳುತ್ತಾರೆ, ಔಷಧಿಗಳು, ಅಲರ್ಜಿ, ನುಂಗುವ ತೊಂದರೆ, ಎಲ್ಲಿ ಹಿಡಿದು ಎತ್ತಬೇಕು, ಕರೆಂಟ್ ಹೋದರೆ ಯಾವ ಯಂತ್ರ ಎಷ್ಟು ಹೊತ್ತು ನಡೆಯುತ್ತದೆ. ಮಾತು ಅವರದು, ಬರೆಯುವ ಕೈ ಮಾತ್ರ ನಿಮ್ಮದು. ಮೇಲೆ ದಿನಾಂಕ ಹಾಕಿ, ಔಷಧಿ ಬದಲಾದಾಗಲೆಲ್ಲ ಹೊಸದಾಗಿ ಬರೆಯಿರಿ. ನೀವು ಈ ಕೆಲಸ ಬಿಡುವುದಾದರೆ ಒಂದು ತಿಂಗಳು ಮುಂಚೆ ತಿಳಿಸಿ. ಹೊಸಬರನ್ನು ಎರಡು ಮೂರು ಸಲ ಜೊತೆಗೆ ಕರೆದುಕೊಂಡು ಹೋಗಿ, ಆ ಹಾಳೆ ಯಾರದೋ ಅವರು ಒಪ್ಪಿದರೆ ಮಾತ್ರ ಹೊಸಬರಿಗೆ ತೋರಿಸಿ.